ತೊಯ್ದ ಸೀರೆ

ಮೊದಲು ಕಣ್ಣು ಮಂಜಾಯಿತು. ಬಿಸಿಲಿಗೆ ಅಂದುಕೊಂಡೆ. ಆಮೇಲೆ ಬಾಯಿತುಂಬ ಜೊಲ್ಲು, ಮೈಯೆಲ್ಲ ಬೆವರು. ಹೊಲದ ಬದುವಿನ ಮೇಲೆ ಕೂತವಳಿಗೆ ಏಳಲಾಗಲಿಲ್ಲ.

ನಮ್ಮೂರು ಮೊರಬದಲ್ಲಿ ನಮ್ಮ ಹೊಲಕ್ಕೆ ಹೈಬ್ರಿಡ್ ಹತ್ತಿ ಆಗಿನ್ನೂ ಹೊಸದು. ಗಂಡಸರು ಬೆನ್ನಿಗೆ ಪಂಪು ಕಟ್ಟಿಕೊಂಡು ಹುಳದ ಔಷಧ ಹೊಡೆಯುತ್ತಿದ್ದರು. ಬ್ಯಾರಲ್ಲಿನಲ್ಲಿ ಕಲಸಿದ ಔಷಧದ ನೀರನ್ನು ಅವರಿಗೆ ಮುಟ್ಟಿಸುವುದು ಹೆಂಗಸರ ಕೆಲಸ. ಕುಡಿಯುವ ನೀರು ತರುವ ಹಾಗೆಯೇ ಆ ಕೊಡವನ್ನೂ ಟೊಂಕದ ಮೇಲೆ ಇಟ್ಟುಕೊಂಡು ಹೋಗುತ್ತಿದ್ದೆವು. ಯಾರೂ ಬೇಡ ಅನ್ನಲಿಲ್ಲ. ತುಳುಕಿ ತುಳುಕಿ ನನ್ನ ಸೀರೆ ಸೊಂಟದಿಂದ ಮೊಣಕಾಲಿನವರೆಗೆ ತೊಯ್ದು ಮೈಗೆ ಅಂಟಿಕೊಂಡಿತ್ತು.

ನಮ್ಮ ಮನೆಯವರು ನನ್ನನ್ನು ಟ್ರ್ಯಾಕ್ಟರಿನಲ್ಲಿ ಹಾಕಿಕೊಂಡು ದೊಡ್ಡಾಸ್ಪತ್ರೆಗೆ ತಂದರು. ಜೊತೆಗೆ ಅತ್ತೆ. ಕ್ಯಾಶುವಲ್ಟಿಯ ಡಾಕ್ಟರು ಟಾರ್ಚು ಹಿಡಿದು ಕಣ್ಣು ನೋಡಿದರು. ವಾಸನೆ ಅವರಿಗೂ ಬಡಿದಿರಬೇಕು.

"ಪಾಯ್ಸನ್. ಯಾವಾಗ ಕುಡದ್ಲು?"

ಕೇಳಿದ್ದು ನಮ್ಮ ಮನೆಯವರನ್ನು.

"ಕುಡದಿಲ್ರೀ ಸಾಹೇಬ್ರ, ಹೊಲದಾಗ ಕೆಲಸ ಮಾಡಾಕತ್ತಿದ್ಲು."

"ಎಲ್ಲಾರೂ ಹಿಂಗ ಅಂತೀರಿ. ಏನ್ ಜಗಳ ಆಗಿತ್ತು, ಹೇಳು."

ಪೊಲೀಸಿನವ ಬಂದು ಅವರನ್ನು ಹೊರಗೆ ಕರೆದುಕೊಂಡು ಹೋದ. ಇತ್ತ ನನ್ನ ಗಂಟಲಿಗೆ ನಳಿಕೆ ಇಳಿಸಿ ಹೊಟ್ಟೆ ತೊಳೆದರು. ಇಂಜೆಕ್ಷನ್ ಮೇಲೆ ಇಂಜೆಕ್ಷನ್ ಕೊಟ್ಟರು. ಸ್ವಲ್ಪ ಹಗುರಾಗುವುದು, ಮತ್ತೆ ಮೈ ಅದುರುವುದು. ಯಾಕೆ ಹೀಗೆ ಎಂದು ಡಾಕ್ಟರು ನರ್ಸಿನ ಮೇಲೆ ರೇಗಿದರು.

ವಿಷ ನನ್ನ ಸೀರೆಯಲ್ಲಿತ್ತು.

ತೊಡೆ ಉರಿಯುತ್ತಿತ್ತು. ರೋಗದ ಹೆಸರು ನನಗೇನು ಗೊತ್ತು? ಆದರೆ ಎಲ್ಲಿ ಉರಿಯುತ್ತಿದೆ ಎಂಬುದು ಇಡೀ ಆಸ್ಪತ್ರೆಯಲ್ಲಿ ನನಗೊಬ್ಬಳಿಗೇ ಗೊತ್ತಿತ್ತು. ಇದ್ದಬದ್ದ ಉಸಿರು ಕೂಡಿಸಿ ಹೇಳಿದೆ.

"ಸೀರಿ ಬಿಚ್ಚರಿ. ನನ್ನ ಸೀರಿ ಬಿಚ್ಚರಿ."

ಅತ್ತೆ ನನ್ನ ಬಾಯಿಗೆ ಕೈ ಅಡ್ಡ ಹಿಡಿದರು. ನಾಲ್ಕು ಗಂಡಸರ ಎದುರು ಸೊಸೆ ಆಡುವ ಮಾತೇ ಅದು? "ಭ್ರಮಿ ಆಗೇತ್ರೀ ಅಕಿಗೆ," ಎನ್ನುತ್ತ ಆ ತೊಯ್ದ ಸೀರೆಯನ್ನೇ ಕಾಲಿಗೆ ಇನ್ನಷ್ಟು ಬಿಗಿಯಾಗಿ ಸುತ್ತಿದರು.

"ಇಂಜೆಕ್ಷನ್ನಿಗೆ ಹಂಗ ಬಡಬಡಸ್ತಾರ," ಎಂದರು ಡಾಕ್ಟರು.

ಅತ್ತೆಯ ಮೇಲೆ ನನಗೆ ಸಿಟ್ಟಿಲ್ಲ. ತಮಗೆ ತಿಳಿದಂತೆ ನನ್ನ ಮರ್ಯಾದೆ ಕಾಯುತ್ತಿದ್ದರು. ಸಿಟ್ಟಿರುವುದು ಅಷ್ಟು ಓದಿದವರ ಮೇಲೆ. ನಮ್ಮ ಮನೆಯ ಜಗಳ ಕೇಳಲು ಅವರಿಗೆ ಪುರುಸೊತ್ತಿತ್ತು. ಎಲ್ಲಿ ಉರಿಯುತ್ತದವ್ವಾ ಎಂದು ಕೇಳಲು ಇರಲಿಲ್ಲ. ನೆನೆದರೆ ಈಗಲೂ ಮೈ ಉರಿಯುತ್ತದೆ.

ಡ್ಯೂಟಿ ಬದಲಾಗಿ ಒಬ್ಬ ಲೇಡಿ ಡಾಕ್ಟರು ಬಂದರು. ನನ್ನ ತುಟಿ ಅಲುಗುವುದನ್ನು ಕಂಡು ಬಗ್ಗಿದರು.

"ಏನ್ ಹೇಳಾಕತ್ತೀಯವ್ವಾ? ಇನ್ನೊಮ್ಮೆ ಹೇಳು."

ಹೇಳಿದೆ. ಸೀರೆ ಮುಟ್ಟಿ ಬೆರಳು ಮೂಸಿದವರೇ ಪರದೆ ಎಳೆಸಿದರು. ಸೀರೆ ತೆಗೆಸಿ, ಸಾಬೂನು ಹಚ್ಚಿ ಮೈ ತೊಳೆಸಿದರು. ನೀರು ಹಾಕಿದ್ದು ಅತ್ತೆಯೇ, ಅಳುತ್ತ ಅಳುತ್ತ. ಪೊಲೀಸಿನವನಿಗೂ ಆ ಲೇಡಿ ಡಾಕ್ಟರೇ ತಿಳಿಸಿ ಹೇಳಿ ನಮ್ಮ ಮನೆಯವರನ್ನು ಬಿಡಿಸಿದರು. ಅವರ ಹೊಟ್ಟೆ ತಣ್ಣಗಿರಲಿ.

ಬದುಕಿದೆ.

ಮನೆಗೆ ಬಿಡುವ ದಿನ ಮತ್ತೆ ಮೊದಲಿನ ಡಾಕ್ಟರು. ಅವರ ಇಂಜೆಕ್ಷನ್ನೇ ನನ್ನ ಜೀವ ಹಿಡಿದಿಟ್ಟಿತ್ತು, ಅದನ್ನು ಮರೆತಿಲ್ಲ. ಆದರೆ ಅವರು ನನ್ನತ್ತ ನೋಡದೆ ನಮ್ಮ ಮನೆಯವರಿಗೆ ಹೇಳಿದರು: "ಚಲೋ ನೋಡ್ಕೊ. ಮತ್ತ ಕುಡಿಯೂ ಹಂಗ ಮಾಡಬ್ಯಾಡ. ಊಟ ಸೇರ್ತದೇನು ಅಕಿಗೆ?"

ಇವರು ಬಾಯಿ ತೆರೆದರು. ಮದುವೆಯಾದಾಗಿನಿಂದ ನಾನು ಇವರ ಮಾತಿಗೆ ಅಡ್ಡ ಬಂದವಳಲ್ಲ.

"ನನ್ನ ಕೇಳ್ರೀ ಸಾಹೇಬ್ರ," ಎಂದೆ. "ನಾ ಇಲ್ಲೇ ಅದೀನಿ."

ಡಾಕ್ಟರು ಪೆನ್ನು ಕೆಳಗಿಟ್ಟರು. ಮೊದಲ ಸಲ ನನ್ನ ಮುಖ ನೋಡಿದರು. "ಹೇಳವಾ."

ಕೊಡ ಟೊಂಕದ ಮೇಲೆ ಇಟ್ಟುಕೊಂಡಲ್ಲಿಂದ ಶುರು ಮಾಡಿದೆ.