ಅತ್ತೆಯ ಕನಸುಗಳು ಮೆಟ್ಟಿಲಿಳಿದದ್ದು

ಬಿಳಿಗೆರೆಯ ನಮ್ಮ ತೋಟದ ಮನೆಯಿಂದ ತಿಪಟೂರಿಗೆ ಬಿ.ಎಡ್. ಓದಲು ಹೋಗಿಬರುತ್ತಿದ್ದ ಕಾಲವದು. ಮಧ್ಯಾಹ್ನದ ಮೇಲೆ ಬಸ್ಸಿಳಿದು ತೋಟದೊಳಗೆ ಕಾಲಿಟ್ಟರೆ ಬಿಸಿಲು ತೆಂಗಿನ ಗರಿಗಳ ನಡುವೆ ಸೋಸಿಕೊಂಡು ನೆಲಕ್ಕೆ ಬೀಳುತ್ತಿತ್ತು. ಗಾಳಿಯಾಡಿದರೆ ನೆಲವೇ ಮೆಲ್ಲಗೆ ಅಲುಗಿದಂತೆ ಕಾಣುತ್ತಿತ್ತು. ಆ ನೆರಳಲ್ಲಿ ನಡೆಯುವಾಗ ತರಗತಿಯಲ್ಲಿ ಕೇಳಿದ ಪದಗಳು ಅರೆನಿದ್ದೆಯ ಮಾತಿನಂತೆ ತಲೆಯೊಳಗೆ ತೇಲುತ್ತಿದ್ದವು. ವರ್ತನೆ, ಪ್ರಚೋದನೆ, ಪುನರ್ಬಲನ. ಪರೀಕ್ಷೆಗೆ ಬರೆದು ಮರೆತುಬಿಡುವ ಪದಗಳೆಂದೇ ತಿಳಿದಿದ್ದೆ.

ಮನೆಯಲ್ಲಿ ಅಪ್ಪ, ಅಮ್ಮ, ನಾನು, ಜೊತೆಗೆ ಅಪ್ಪನ ಅಕ್ಕ. ಅತ್ತೆ ಮದುವೆ ಬೇಡವೆಂದು ಹಟ ಹಿಡಿದು ತವರಲ್ಲೇ ಉಳಿದವಳು. ಬೆಳಗಾದರೆ ತೋಟ ಸುತ್ತುವುದು, ಬಿದ್ದ ಕಾಯಿ ಆಯುವುದು, ಯಾವ ಮರ ಬಾಡಿದೆ, ಯಾವುದು ಹೊಂಬಾಳೆ ಬಿಟ್ಟಿದೆ ಎಂದು ಬಂದು ಹೇಳುವುದು ಅವಳ ದಿನಚರಿ. ಒಂದು ದಿನ ಹಾಗೆ ಹೋದಾಗ ಒಣಗಿದ ಗರಿಯೊಂದು ಅವಳ ಭುಜ ಸವರಿಕೊಂಡು ಪಕ್ಕದಲ್ಲೇ ಬಿತ್ತು. ಗಾಯವೇನೂ ಆಗಲಿಲ್ಲ. ಆದರೆ ಮರುದಿನ ಅವಳು ತೋಟಕ್ಕೆ ಹೋಗಲಿಲ್ಲ. ಸ್ವಲ್ಪ ದಿನಕ್ಕೆ ಬಾವಿಯ ಕಡೆಗೂ ಹೋಗದಾದಳು. ಕೊನೆಗೆ ಜಗುಲಿಯ ಕಂಬಕ್ಕೆ ಒರಗಿ ಕೂತವಳು ಮೆಟ್ಟಿಲು ಇಳಿಯುವುದನ್ನೇ ಬಿಟ್ಟಳು. ನಮ್ಮ ಮನೆಯ ಸುತ್ತಲೂ ತೆಂಗೇ. ಮೆಟ್ಟಿಲಿಳಿದರೆ ತೋಟ.

ಅವಳಿಗೆ ಬೇಕಾದದ್ದನ್ನೆಲ್ಲ ನಾವು ಜಗುಲಿಗೇ ತಂದುಕೊಟ್ಟೆವು. ನೀರು, ಎಲೆಯಡಿಕೆ, ಬಿಡಿಸಲು ಅವರೆಕಾಯಿ. ಅಪ್ಪ ಮಾತ್ರ, ಅಕ್ಕ ಪುಕ್ಕಲಿ ಆಗಿಬಿಟ್ಟಳು ಎಂದು ಬೇಜಾರು ಮಾಡಿಕೊಳ್ಳುತ್ತಿದ್ದರು.

ನಮಗೆ ಮನಶ್ಶಾಸ್ತ್ರ ಕಲಿಸುತ್ತಿದ್ದ ಮೇಡಂ ಹತ್ತಿರ ಒಂದು ದಿನ ಇದನ್ನು ಹೇಳಿಕೊಂಡೆ. ಪುಕ್ಕಲಿ ಎಂಬುದು ವರ್ತನೆಯಲ್ಲ, ನೀವು ಅಂಟಿಸಿದ ಹೆಸರು ಎಂದರು ಅವರು. ಕಣ್ಣಿಗೆ ಕಾಣುವುದನ್ನು ಹೇಳು, ಅವರು ಏನು ಮಾಡುತ್ತಾರೆ, ಅದಕ್ಕೆ ಮೊದಲು ಏನಾಗುತ್ತದೆ, ಆಮೇಲೆ ಏನಾಗುತ್ತದೆ ಎಂದು ಕೇಳಿದರು. ಮೆಟ್ಟಿಲವರೆಗೆ ಬರುತ್ತಾಳೆ, ಮೇಲೆ ಗರಿ ಸದ್ದಾಗುತ್ತದೆ, ಹಿಂದಕ್ಕೆ ಬಂದು ಕೂರುತ್ತಾಳೆ, ಎದೆಬಡಿತ ಇಳಿಯುತ್ತದೆ ಎಂದೆ. ಆ ಇಳಿಯುವುದೇ ಅವರನ್ನು ಅಲ್ಲಿ ಕಟ್ಟಿಹಾಕಿದೆ ಎಂದರು ಮೇಡಂ. ಹಿಂದೆ ಸರಿದಾಗಲೆಲ್ಲ ಹಾಯೆನಿಸುತ್ತದೆ. ಹಾಯೆನಿಸಿದ್ದನ್ನೇ ಮನುಷ್ಯ ಮತ್ತೆ ಮತ್ತೆ ಮಾಡುತ್ತಾನೆ. ಅದಕ್ಕೂ ಪುನರ್ಬಲನವೆಂದೇ ಹೆಸರಂತೆ. ಮುಂದಕ್ಕೆ ಬರುವುದೂ ಹಾಗೆಯೇ ಇಷ್ಟವಾಗಬೇಕು, ಅದೂ ಚೂರುಚೂರಾಗಿ, ಅವರಿಗೆ ತಿಳಿಸಿಯೇ ಮಾಡಬೇಕು ಎಂದರು.

ಮೊದಲು ತಿಪಟೂರಿನಿಂದ ಮೈಸೂರುಪಾಕು ತಂದು, ಮೆಟ್ಟಿಲಿಳಿದರೆ ಕೊಡುತ್ತೇನೆಂದೆ. ಅತ್ತೆ ನಕ್ಕು, ಅದನ್ನು ಅಪ್ಪನಿಗೆ ಕೊಡು ಎಂದಳು. ಸಿಹಿಯಾಗಿದ್ದ ಮಾತ್ರಕ್ಕೆ ಅದು ಬಹುಮಾನವಾಗುವುದಿಲ್ಲ, ಬಯಸುವವರು ಬೇಕು ಎಂದು ಆಗ ತಿಳಿಯಿತು.

ಅತ್ತೆ ಬಯಸುತ್ತಿದ್ದದ್ದು ಬೇರೆಯೇ ಇತ್ತು. ಅವಳಿಗೆ ದಿನವೂ ಕನಸು ಬೀಳುತ್ತಿತ್ತು, ಅದನ್ನು ಹೇಳಲು ಬಾಯಿ ತೆರೆದರೆ ಅಮ್ಮನಿಗೆ ಒಲೆಯ ಮೇಲಿನ ಹಾಲು ನೆನಪಾಗುತ್ತಿತ್ತು, ಅಪ್ಪನಿಗೆ ಪಂಪ್‌ಸೆಟ್ಟು. ನಾನೂ ಬಸ್ಸಿನ ಹೆಸರು ಹೇಳಿ ಓಡುವವಳೇ. ಅವಳ ಕನಸನ್ನು ಪೂರ್ತಿ ಕೇಳಿದವರು ಯಾರೂ ಇರಲಿಲ್ಲ.

ಒಂದು ಬೆಳಿಗ್ಗೆ ಕೆಳಗಿನ ಮೆಟ್ಟಿಲ ಮೇಲೆ ಕೂತು ಕರೆದೆ. "ಅತ್ತೆ, ಇಲ್ಲಿಗೆ ಬಂದು ಹೇಳಿದ್ರೆ ಕನಸು ಪೂರ್ತಿ ಕೇಳ್ತೀನಿ. ನಾಳೆ ಇನ್ನೂ ಸ್ವಲ್ಪ ಆಚೆ ಕೂರ್ತೀನಿ. ಬೇಡ ಅನ್ನಿಸಿದ್ರೆ ಹೇಳು, ನಿಲ್ಲಿಸ್ಬಿಡ್ತೀನಿ."

ಅತ್ತೆ ಕಂಬ ಹಿಡಿದು ನನ್ನನ್ನೇ ನೋಡಿದಳು. "ಕರೂಗೆ ಹುಲ್ಲು ತೋರ್ಸಿ ಕರ್ಕಂಡೋಗಂಗೆ ಕರ್ಕಂಡೋಗ್ತೀಯೇನೇ? ಆಗ್ಲಿ ಬುಡು. ಹುಲ್ಲು ಚೆನ್ನಾಗಿದ್ರೆ ಬತ್ತೀನಿ."

ಬಂದು ಕೂತಳು. ಆ ಬೆಳಿಗ್ಗೆಯ ಕನಸಿನಲ್ಲಿ ಕೆರೆಯ ನೀರಿನ ಮೇಲೆ ಎತ್ತಿನಗಾಡಿ ಹೋಗುತ್ತಿತ್ತು, ಗಾಲಿ ಒದ್ದೆಯಾಗುತ್ತಿರಲಿಲ್ಲ. ಮರುದಿನ ಮೆಟ್ಟಿಲ ಕೆಳಗಿನ ಕಲ್ಲಿನ ಮೇಲೆ ಕೂತು, ಅಟ್ಟದಲ್ಲಿ ಒಣಗುತ್ತಿದ್ದ ಕಾಯಿಗಳೆಲ್ಲ ಕಣ್ಣು ಬಿಟ್ಟು ಮಾತಾಡಿಕೊಂಡದ್ದನ್ನು ಹೇಳಿದಳು. ಬಾವಿಕಟ್ಟೆ ತಲುಪಿದಾಗ ಅವಳ ಅಜ್ಜಿ ತೆಂಗಿನ ಮರಕ್ಕೆ ಜಡೆ ಹೆಣೆಯುತ್ತಿದ್ದ ಕನಸು. ಮೇಲೆ ಗರಿ ಸದ್ದಾದರೆ ಅವಳ ಮಾತು ನಿಲ್ಲುತ್ತಿತ್ತು. ಆಮೇಲೇನಾಯ್ತು ಎಂದು ಕೇಳುತ್ತಿದ್ದೆ. ಅವಳು ಉಸಿರೆಳೆದುಕೊಂಡು ಮತ್ತೆ ಕನಸಿನೊಳಕ್ಕೆ ಹೋಗುತ್ತಿದ್ದಳು. ಮಂಜು ಕರಗದ ಆ ಹೊತ್ತಿನಲ್ಲಿ ಅವಳು ಹೇಳುವುದು ಎಲ್ಲಿ ಮುಗಿದು ತೋಟ ಎಲ್ಲಿ ಶುರುವಾಗುತ್ತದೋ ನನಗೂ ತಿಳಿಯುತ್ತಿರಲಿಲ್ಲ. ನಾನೇ ಅವಳಿಗಿಂತ ಮೊದಲು ಎದ್ದು ಕಾಯತೊಡಗಿದೆ.

ಆಷಾಢದ ಗಾಳಿ ಬಂತು. ಬಾವಿಯಾಚೆ ಎಲ್ಲೋ ಗರಿಯೊಂದು ದೊಪ್ಪನೆ ಬಿತ್ತು. ಅತ್ತೆ ಸೆರಗು ಬಾಯಿಗಿಟ್ಟುಕೊಂಡು ಓಡಿ ಒಳಗೆ ಸೇರಿಕೊಂಡಳು. ಇನ್ನು ತನ್ನನ್ನು ಕರೆಯಬೇಡ ಎಂದಳು. ಎಲ್ಲ ಹಾಳಾಯಿತೆಂದು ನಾನು ಮೇಡಂ ಮುಂದೆ ಕಣ್ಣೀರು ಹಾಕಿದೆ. ಒಂದು ಮೆಟ್ಟಿಲು ಹಿಂದಕ್ಕೆ ಹೋಗುವುದು ಸೋಲಲ್ಲ, ಅವರು ಎಲ್ಲಿದ್ದಾರೋ ಅಲ್ಲಿಂದಲೇ ಶುರು ಮಾಡು ಎಂದರು. ಹಾಗಾಗಿ ಅವಳು ಮತ್ತೆ ಒರಗಿ ಕೂತಿದ್ದ ಜಗುಲಿಯ ಕಂಬದ ಪಕ್ಕದಲ್ಲೇ ಹೋಗಿ ಕೂತೆ. ಕನಸು ಕೇಳಿದೆ. ಗಾಳಿ ಇಳಿದ ಮೇಲೆ ಅವಳೇ ಎದ್ದು ಮೆಟ್ಟಿಲಿಗೆ ಬಂದಳು.

ಮೊದಲ ದಿನ ಅವಳ ಪಕ್ಕದಲ್ಲಿ ಗರಿ ಬಿದ್ದಿದ್ದ ಆ ಮರದ ಬುಡಕ್ಕೆ ನಾವು ತಲುಪುವ ಹೊತ್ತಿಗೆ ಹುರುಳಿ ಬಿತ್ತನೆ ಮುಗಿದಿತ್ತು. ಅಲ್ಲಿ ನಿಂತು ಅವಳು ಕನಸು ಹೇಳಲಿಲ್ಲ. ಮರಕ್ಕೆ ಅಂಗೈ ಇಟ್ಟಳು.

"ಅವತ್ತು ನಂಗೆ ಸಾಯೋ ಭಯ ಆಗ್ಲಿಲ್ಲ ಕಣೇ," ಎಂದಳು. "ಗರಿ ತಲೆ ಮೇಲೆ ಬಿದ್ದಿದ್ರೆ ಸಂಜೆಗಂಟ ಇಲ್ಲೇ ಬಿದ್ದಿರ್ತಿದ್ನಲ್ಲ, ಯಾರೂ ಹುಡುಕ್ತಿರ್ನಿಲ್ಲ. ಆ ಭಯ."

ಅವಳ ಕೈ ಹಿಡಿದುಕೊಂಡೆ. ಇಬ್ಬರೂ ಅಲ್ಲೇ ಕೂತೆವು. ಮನೆಗೆ ಬಂದು ಅದನ್ನು ಅಪ್ಪನಿಗೆ ಹೇಳಿದೆ. ಮರುದಿನದಿಂದ ಅತ್ತೆ ತೋಟಕ್ಕಿಳಿದರೆ ಅವರು, ಪಂಪ್‌ಸೆಟ್ಟಿನ ಹತ್ತಿರದಿಂದ "ಅಕ್ಕಾ" ಎಂದು ಒಮ್ಮೆ ಕೂಗುತ್ತಿದ್ದರು. "ಇದೀನಿ ಕಣಪ್ಪ" ಎಂದು ಮರಗಳ ನಡುವಿನಿಂದ ಉತ್ತರ ಬರುತ್ತಿತ್ತು.

ಆಮೇಲೆ ನನಗೆ ಮಾಯಸಂದ್ರದ ಶಾಲೆಯೊಂದರಲ್ಲಿ ಕೆಲಸ ಸಿಕ್ಕಿತು. ದಿನವೂ ಕನಸು ಕೇಳಲಾಗುತ್ತಿರಲಿಲ್ಲ. ಸಿಕ್ಕ ಬೆಳಿಗ್ಗೆ ಕೇಳುತ್ತಿದ್ದೆ. ರೂಢಿ ಬೇರೂರಿದ ಮೇಲೆ ಬಹುಮಾನ ಆಗೊಮ್ಮೆ ಈಗೊಮ್ಮೆ ಸಿಕ್ಕರೂ ರೂಢಿ ಇನ್ನೂ ಗಟ್ಟಿಯಾಗುತ್ತದೆ ಎಂದು ಮೇಡಂ ಹೇಳಿದ್ದರು. ನಿಜವೇ ಆಯಿತು. ಅತ್ತೆ ಮತ್ತೆ ಒಬ್ಬಳೇ ತೋಟ ಸುತ್ತತೊಡಗಿದಳು.

ಒಂದು ಭಾನುವಾರ ಎದ್ದು ನೋಡಿದರೆ ಅವಳು ಮನೆಯಲ್ಲಿರಲಿಲ್ಲ. ಶೆಟ್ಟಿಕೆರೆಯಲ್ಲಿದ್ದ ತನ್ನ ಬಾಲ್ಯದ ಗೆಳತಿಯನ್ನು ನೋಡಿಬರುತ್ತೇನೆಂದು ಅಮ್ಮನಿಗೆ ಹೇಳಿ ಬಸ್ಸು ಹತ್ತಿದ್ದಳು. ಸಂಜೆ ರಸ್ತೆಯ ತನಕ ಹೋಗಿ ಕಾದೆ. ಬಸ್ಸಿಳಿದವಳ ಕೈಯಲ್ಲಿ ಸೀಬೆಹಣ್ಣಿನ ಚೀಲ. ಗೆಳತಿಗೂ ಕನಸು ಬೀಳುತ್ತದಂತೆ, ಇಬ್ಬರೂ ಊಟ ಮರೆತು ಹೇಳಿಕೊಂಡರಂತೆ. ನನಗೆ ಒಂದು ಗಳಿಗೆ ಹೊಟ್ಟೆಕಿಚ್ಚಾಯಿತು, ಆಮೇಲೆ ನಗು ಬಂತು. ಅತ್ತೆ ಒಂದು ಹಣ್ಣು ನನ್ನ ಕೈಗಿಟ್ಟು, ಮಾತಾಡುತ್ತಲೇ ತೋಟದ ನೆರಳಿನೊಳಕ್ಕೆ ನಡೆದಳು. ಅವಳ ಹೆಜ್ಜೆಗೆ ಸರಿಯಾಗಿ ನಡೆಯಲು ನಾನು ಸ್ವಲ್ಪ ಓಡಬೇಕಾಯಿತು.