ಸುಧಾ ಹಾಕಿದ ಲಿನಕ್ಸ್

ಅದು ಕೆಟ್ಟಿರಲಿಲ್ಲ, ಸುಧಾ. ನಮ್ಮ ಅಂಗಡಿಯ ಕಂಪ್ಯೂಟರಿಗೆ ನೀನು ಹಾಕಿದ್ದ ಲಿನಕ್ಸನ್ನು ನಾನೇ ಅಳಿಸಿದೆ. ತಾನಾಗಿ ಕೆಟ್ಟಿತು ಎಂದು ಸುಳ್ಳು ಹೇಳಿದೆ — ಇಷ್ಟು ವರ್ಷ ಆ ಸುಳ್ಳನ್ನು ಕಾಪಾಡಿಕೊಂಡೂ ಬಂದೆ.

ನೀನು ನನ್ನ ಮೈದುನನ ಹೆಂಡತಿಯಾಗಿ ಹೂಗ್ಯಂನಿಂದ ಬರುವ ಮೊದಲೇ ಹನೂರಿನಲ್ಲಿ ನನ್ನ ಜೆರಾಕ್ಸ್ ಅಂಗಡಿ ಇತ್ತು. ಕೊಳ್ಳೇಗಾಲದ ಕಂಪ್ಯೂಟರ್ ಕ್ಲಾಸಿಗೆ ಹೋಗಿ ಬಂದವಳೆಂಬ ಜಂಬವೂ ಇತ್ತು. ವಿಂಡೋಸ್ ಬಿಟ್ಟು ಬೇರೊಂದಿದೆ ಎಂಬುದೇ ನನಗೆ ಗೊತ್ತಿರಲಿಲ್ಲ, ಆದರೂ ಗತ್ತು. ನಮ್ಮ ಹಳೇ ಮಷೀನು ಆನ್ ಆಗುವಷ್ಟರಲ್ಲಿ ಗಿರಾಕಿಗಳು ಟೀ ಕುಡಿದು ಬರುತ್ತಿದ್ದರು. ನಾನು ಅದನ್ನು ಬೈಯುತ್ತಿದ್ದೆ, ಮದುವೆಯಾಗಿ ಬಂದು ಅಂಗಡಿಯಲ್ಲಿ ನನಗೆ ಜೊತೆಯಾದ ನೀನು ಯೋಚಿಸಿದೆ.

"ಅಕ್ಕ, ಇದ್ರಲ್ಲಿ ನಾವು ಮಾಡೋ ಕೆಲ್ಸ ಏನು? ಟೈಪಿಂಗು, ಪ್ರಿಂಟು, ಆನ್‌ಲೈನ್ ಅರ್ಜಿ. ಅಷ್ಟುಕ್ಕೆ ಈ ಮಷೀನು ತಡ್ಕಳೋ ಅಂತದ್ದು ಆಕಾನ."

ವಿಂಡೋಸಿನ ಬದಲಿಗೆ ಮಷೀನು ನಡೆಸುವ, ಪುಕ್ಕಟೆ ಸಿಗುವ ಲಿನಕ್ಸನ್ನು ಪೆನ್‌ಡ್ರೈವಿನಲ್ಲಿ ತಂದು, ಒಳಗಿದ್ದುದನ್ನು ಮುಟ್ಟದೆ, ಮೊದಲು ಅಲ್ಲಿಂದಲೇ ಓಡಿಸಿ ನೋಡಿದವಳು ನೀನು. ಕನ್ನಡ ಮೂಡುತ್ತದೋ, ಪ್ರಿಂಟರ್ ಮಾತು ಕೇಳುತ್ತದೋ, ಸ್ಕ್ಯಾನರ್ ಓಡುತ್ತದೋ — ಎಲ್ಲ ಸರಿ ಎನಿಸಿದ ಮೇಲೆಯೇ ಹಾಕಿದೆ. ಹೆಣ್ಣು ಕೊಡುವ ಮನೆಯವರೂ ಅಷ್ಟು ವಿಚಾರಿಸುವುದಿಲ್ಲ. ನಾನು ಇವತ್ತಿಗೂ ಮೊಬೈಲ್ ಕೊಳ್ಳುವುದು ಬಣ್ಣ ನೋಡಿ. ನಿನ್ನ ತಾಳ್ಮೆ ಕಂಡು ಬೆರಗಾಗಿದ್ದೆ, ಸುಧಾ, ನಿಜವಾಗಿ — ಆ ಬೆರಗೇ ಆಮೇಲೆ ಹೊಟ್ಟೆಕಿಚ್ಚಾಯಿತು.

ಮಷೀನು ಚುರುಕಾಯಿತು. ಗಿರಾಕಿಗಳು ಬಾಗಿಲಲ್ಲೇ ನಿಂತು "ಸುಧಮ್ಮ ಇಲ್ವಾ?" ಎನ್ನತೊಡಗಿದರು. ನನ್ನ ಅಂಗಡಿಯಲ್ಲಿ ಫೈಲು ಎಲ್ಲಿದೆ ಎಂದು ನಿನ್ನನ್ನು ಕೇಳಿಕೊಂಡು ನಾನು — ಹೋಗಲಿ, ಅದನ್ನು ನೆಪ ಮಾಡಲಾರೆ.

ನೀನು ತವರಿಗೆ ಹೋಗಿದ್ದ ದಿನ ಹಳೇ ಸಿ.ಡಿ. ಹಾಕಿ, ಎಲ್ಲವನ್ನೂ ಅಳಿಸಿ, ಮತ್ತೆ ವಿಂಡೋಸ್ ಹಾಕಿದೆ. ನೀನು ಮಾಡಿಟ್ಟಿದ್ದ ಲಗ್ನಪತ್ರಿಕೆಯ ಮಾದರಿಗಳೂ ಹೋದವು. ನೀನು ಬಂದಾಗ ಅತ್ತೆಯ ಎದುರಿಗೇ ಹೇಳಿದೆ: "ನೀ ಆರ್ಸಿದ್ದು ತಾನಾಗೇ ಕೆಟ್ಟೋಯ್ತು ಕಣವ್ವ. ಗೊತ್ತಿಲ್ದೇ ಇರೋದ್ಕೆ ಕೈ ಆಕ್ಬಾರ್ದು."

"ನಂದೇ ತಪ್ಪು ಬುಡಕ್ಕ" ಎಂದುಬಿಟ್ಟೆ ನೀನು. ಆ ನಿಧಾನದ ಮಷೀನಿನ ಮುಂದೆ ಕೂತು ಮಾದರಿಗಳನ್ನೆಲ್ಲ ಮತ್ತೆ ಟೈಪ್ ಮಾಡಿದೆ. ಒಂದು ದಿನವೂ ಮುಖ ಸಿಂಡರಿಸಲಿಲ್ಲ. ಆ ದೊಡ್ಡತನ ನನ್ನಲ್ಲಿ ಇದ್ದಿದ್ದರೆ...

ಆದರೆ ಅಂದಿನಿಂದ ನೀನು ಯಾವುದನ್ನೂ ನೀನಾಗಿ ಆರಿಸಲಿಲ್ಲ. ಮಿಕ್ಸಿಯಿಂದ ಹಿಡಿದು ಮಗಳ ಶಾಲೆಯವರೆಗೆ ನನ್ನನ್ನೇ ಕೇಳಿದೆ. ಓರಗಿತ್ತಿಯರೆಂದರೆ ಹೀಗಿರಬೇಕು ಎಂದು ನೆಂಟರು ಹೊಗಳಿದರು; ನಾನು ಹೊಗಳಿಸಿಕೊಂಡೆ.

ನೀವು ರಾಮಾಪುರದಲ್ಲಿ ಬೇರೆ ಮನೆ ಮಾಡಿದ ಮೇಲೂ ಅದು ತಪ್ಪಲಿಲ್ಲ. ನಿನ್ನೆ ನಿನ್ನ ಫೋನು. ಮಗಳಿಗೆಂದು ತಂದ ಹಳೇ ಲ್ಯಾಪ್‌ಟಾಪಿಗೆ ಹೊಸ ವಿಂಡೋಸ್ ಹಿಡಿಯುವುದಿಲ್ಲವಂತೆ. "ಅವ್ಳು ಲಿನಕ್ಸ್ ಆಕವ್ವ ಅಂತಾವ್ಳೆ. ನಂಗೆ ಭಯ ಕಣಕ್ಕ, ನಾ ಮುಟ್ಟುದ್ರೆ ಕೆಟ್ಟೋಯ್ತದೆ. ನೀನೇ ಯೋಳು, ಯಾವ್ದು ಆಕ್ಸ್ಲಿ?"

ಅಷ್ಟು ಚೆನ್ನಾಗಿ ಆರಿಸಿದ್ದವಳಿಗೆ ಈ ಭಯ ಕಲಿಸಿದ್ದು ನಾನು.

ನಾಳೆ ಬರುತ್ತೇನೆ, ಅತ್ತೆಯನ್ನೂ ಕರೆದುಕೊಂಡು. ಅವರ ಎದುರಿಗೆ ಹೇಳಿದ ಸುಳ್ಳನ್ನು ಅವರ ಎದುರಿಗೇ ಒಪ್ಪಿಕೊಳ್ಳುತ್ತೇನೆ. ಆಮೇಲೆ ನೀನು ನನ್ನ ಮುಖ ನೋಡದಿದ್ದರೂ ಸರಿ. ಪೆನ್‌ಡ್ರೈವ್ ತಂದಿರುತ್ತೇನೆ. ಯಾವುದನ್ನು ಹಾಕಬೇಕೆಂದು ಮಾತ್ರ ನಾನು ಹೇಳುವುದಿಲ್ಲ.