ಗೌರಿ ಬಡಿದ ರೊಟ್ಟಿ

ಎರಡು ವರ್ಷದ ಮಗು ಮೂರು ಮರದ ತುಂಡುಗಳನ್ನು ಒಂದರ ಮೇಲೊಂದು ಇಡಬೇಕು ಅಂತ ನನ್ನ ಫಾರ್ಮಿನಲ್ಲಿದೆ. ಮಕ್ಕಳ ಬೆಳವಣಿಗೆ ನೋಡಿ ಬರೆದುಕೊಳ್ಳುವುದು ನನ್ನ ಕೆಲಸ. ಇಜೇರಿಯ ಒಂದು ಮನೆಯಲ್ಲಿ ಗೌರಿ ಎಂಬ ಹುಡುಗಿಯ ಮುಂದೆ ತುಂಡುಗಳನ್ನಿಟ್ಟೆ. ಅವಳು ಮುಟ್ಟಲೇ ಇಲ್ಲ. ತಾಯಿಯ ಮುಖ ಸಣ್ಣದಾಯಿತು.

"ಬಾಜೂ ಮನಿ ಹುಡುಗ ಎಲ್ಲಾ ಮಾಡ್ತಾನ್ರಿ. ಈಕಿ ಮಾತೂ ಕಮ್ಮಿ. ಏನರ ಆಗ್ಯಾದೇನ್ರಿ ಈಕಿಗಿ?"

"ತಡೀರಿ ಅಕ್ಕಾ, ಅವಸರ ಬ್ಯಾಡ್ರಿ" ಅಂದೆ.

ಆಮೇಲೆ ಗೌರಿ ಒಂದು ತುಂಡನ್ನು ನೆಲದ ಮೇಲಿಟ್ಟು ಅಂಗೈಯಿಂದ ಪಟಪಟ ಬಡಿದಳು, ಥೇಟ್ ಅವ್ವ ರೊಟ್ಟಿ ಬಡಿದ ಹಾಗೆ. ತಿರುವಿ ಹಾಕಿದಳು. ಉಫ್ ಎಂದು ಊದಿ ನನ್ನ ಬಾಯಿಗೆ ಹಿಡಿದಳು. ತಿಂದಂತೆ ಮಾಡಿ ಬೆನ್ನ ಹಿಂದೆ ಬಚ್ಚಿಟ್ಟೆ. ನನ್ನ ಮುಖ ನೋಡಿ, ಹೊಟ್ಟೆ ತುಂಬಿಲ್ಲ ಅನಿಸಿತೇನೋ, ಇನ್ನೊಂದು ಬಡಿದು ತಿನ್ನಿಸಿದಳು.

ತಾಯಿ ನಕ್ಕುಬಿಟ್ಟಳು. "ಬರೇ ರೊಟ್ಟಿ ಕೊಡ್ತಿಯೇನಬೇ?"

ಗೌರಿ ಖಾಲಿ ಮುಷ್ಟಿಯನ್ನು ನನ್ನ ಅಂಗೈಯಲ್ಲಿ ಬಿಚ್ಚಿ, "ಪಲ್ಯಾ" ಅಂದಳು.

"ಮೂರು ತುಂಡು ಇಟ್ಟಳೇ?" ಎಂಬಲ್ಲಿ "ಇಲ್ಲ" ಅಂತಲೇ ಬರೆದೆ. ಕಾರಣ ಬರೆಯಲು ಜಾಗವಿರಲಿಲ್ಲ. ಇದ್ದರೂ, ಎರಡನ್ನು ನಾನೇ ತಿಂದಿದ್ದೆ ಅಂತ ಹೇಗೆ ಬರೆಯಲಿ?